ಕೆಮಿಸ್ಟ್ರಿ ಮೇಡಂ ಗಾರೆ ಕಲಿತದ್ದು

ಕಮಿಟಿಗೆ ನನ್ನ ಹೆಸರು ಸೇರಿದ್ದು ಒಂದು ಬೀಗದ ಕೈಯಿಂದ. ನಮ್ಮ ಸರ್ಕಾರಿ ಯೂನಿವರ್ಸಿಟಿಯ ಹಳೇ ಬ್ಲಾಕಿನಲ್ಲಿ ಕೆಳಗಡೆ ಮೂಲೆಯ ದೊಡ್ಡ ರೂಮು ಒಂದು ಕಾಲಕ್ಕೆ ಕೆಮಿಸ್ಟ್ರಿ ಲ್ಯಾಬ್. ನಾನು ಅಲ್ಲೇ ಓದಿದವಳು, ಆಮೇಲೆ ಅಲ್ಲೇ ಪಾಠ ಮಾಡಿದವಳು. ಲ್ಯಾಬ್ ಹೊಸ ಕಟ್ಟಡಕ್ಕೆ ಹೋದಮೇಲೂ ಹಳೇ ರೂಮಿನ ಕೀ ನನ್ನ ಡ್ರಾದಲ್ಲೇ ಉಳಿದಿತ್ತು. ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಒಂದು ದಿನ "ಹಳೇ ಬ್ಲಾಕ್ ಶಿಥಿಲವಾಗಿದೆ, ಯಾರೂ ಒಳಗೆ ಹೋಗಬಾರದು" ಅಂತ ಸುತ್ತೋಲೆ ಬಂತು. ಮುಂದೇನು ಮಾಡಬೇಕು ಅಂತ ತೀರ್ಮಾನಿಸಲು ಕಮಿಟಿಯೂ ಆಯಿತು. ಕುಲಸಚಿವರ ಆಫೀಸಿನವರು ಕೀ ಹುಡುಕಿಕೊಂಡು ನನ್ನ ಹತ್ತಿರ ಬಂದರು. ಕೀ ಜೊತೆಗೆ ನನ್ನನ್ನೂ ಹಾಕಿಕೊಂಡರು.

ಮೊದಲ ಮೀಟಿಂಗಿನಲ್ಲಿ ಟೇಬಲ್ ಮೇಲೆ ಎರಡು ಕಾಗದ ಇದ್ದವು. ಒಂದು ಒಂದೇ ಪುಟದ ವರದಿ: ಗೋಡೆ ಬಿರುಕು ಬಿಟ್ಟಿದೆ, ಗಿಲಾವು ಉದುರುತ್ತಿದೆ, ಕಟ್ಟಡ ನೂರು ವರ್ಷ ದಾಟಿದೆ, ಕೆಡವುವುದು ಒಳ್ಳೆಯದು. ನಾಲ್ಕು ಫೋಟೋ. ಇನ್ನೊಂದು, ಅದೇ ಜಾಗದಲ್ಲಿ ಬರಬೇಕಾದ ಐದು ಅಂತಸ್ತಿನ ಹೊಸ ಬ್ಲಾಕಿನ ಬಣ್ಣದ ಚಿತ್ರ. ಅದು ಹನ್ನೆರಡು ಪುಟ. ಯಾವುದು ಮೊದಲು ತಯಾರಾಗಿತ್ತು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಕೇಳಿದ್ದು ಒಂದೇ: "ಬಿರುಕು ಇವತ್ತಿಗೂ ಬೆಳೀತಾ ಇದೆಯಾ, ಅಥವಾ ಯಾವತ್ತೋ ಆಗಿ ನಿಂತುಬಿಟ್ಟಿದೆಯಾ?" ಲ್ಯಾಬಿನಲ್ಲಿ ಒಂದೇ ರೀಡಿಂಗ್ ತಗೊಂಡು ಗ್ರಾಫ್ ಎಳೆಯುವ ಹುಡುಗರನ್ನು ಬೈದು ಅಭ್ಯಾಸ ನನಗೆ. ಅದೇ ಬಾಯಿಗೆ ಬಂತು.

ಯಾರಿಗೂ ಉತ್ತರ ಗೊತ್ತಿರಲಿಲ್ಲ. ನಮಗೆ ಆರು ತಿಂಗಳು ಸಿಕ್ಕಿದ್ದು ಆ ಪ್ರಶ್ನೆಯಿಂದ.

ಬಿರುಕು ಅಳೆಯುವ ಹಳೇ ಉಪಾಯ ಎಷ್ಟು ಸರಳ ಅಂದರೆ ನಗು ಬರುತ್ತದೆ. ಬಿರುಕಿಗೆ ಅಡ್ಡವಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು, ಎರಡು ತುದಿಯನ್ನೂ ಗೋಡೆಗೆ ಗಟ್ಟಿಯಾಗಿ ಅಂಟಿಸುತ್ತಾರೆ. ಮೇಲೆ ನಂಬರು, ತಾರೀಕು ಬರೆಯುತ್ತಾರೆ. ಗೋಡೆ ಅಲ್ಲಾಡಿದರೆ ಗಾಜು ಒಡೆಯುತ್ತದೆ. ಅಷ್ಟೇ. ಸಂರಕ್ಷಣೆಯ ಕೆಲಸ ಬಲ್ಲ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ತೋರಿಸಿಕೊಟ್ಟರು. ಮೈಕ್ರೋಸ್ಕೋಪಿನ ಸ್ಲೈಡುಗಳನ್ನೇ ಬಳಸಿ ಹನ್ನೊಂದು ಕಡೆ ಅಂಟಿಸಿದೆವು. ವಾರಕ್ಕೊಮ್ಮೆ ನಾನೂ ಇಬ್ಬರು ವಿದ್ಯಾರ್ಥಿಗಳೂ ಟಾರ್ಚ್ ಹಿಡಿದು ಸುತ್ತುತ್ತಿದ್ದೆವು. ಬಿಸಿಲುಗಾಲ ಪೂರ್ತಿ ಹನ್ನೊಂದೂ ಹಾಗೇ ಇದ್ದವು. ಎಂಜಿನಿಯರಿಂಗ್ ವಿಭಾಗದ ಸಾಹೇಬರು ಸಿಕ್ಕಾಗಲೆಲ್ಲ "ಏನ್ ಮೇಡಂ, ಗಾಜು ಹೇಗಿದೆ?" ಅಂತ ನಗುತ್ತಿದ್ದರು. ಮೊದಲ ಜೋರು ಮಳೆ ಬಂದು ನಾಲ್ಕನೇ ದಿನ ಏಳನೇ ನಂಬರಿನ ಗಾಜು ಒಡೆದಿತ್ತು. ಅದೊಂದೇ.

ಏಳನೇ ನಂಬರ್ ಇದ್ದದ್ದು ಈಶಾನ್ಯ ಮೂಲೆಯಲ್ಲಿ. ಮಳೆ ಸುರಿಯುವಾಗಲೇ ಕೊಡೆ ಹಿಡಿದು ಹೋಗಿ ನೋಡಿದೆವು. ತಾರಸಿಯಿಂದ ಇಳಿಯುವ ಪೈಪು ಅರ್ಧದಲ್ಲೇ ಮುರಿದಿತ್ತು. ಮೇಲಿನ ನೀರೆಲ್ಲ ಗೋಡೆಗೆ ಬಡಿದು, ಸೀದಾ ಪಾಯದ ಬುಡಕ್ಕೆ ಇಳಿಯುತ್ತಿತ್ತು. ಮಣ್ಣು ಮೆತ್ತಗಾಗಿ ಆ ಮೂಲೆ ಒಂಚೂರು ಕುಸಿದಿತ್ತು. ಉಳಿದ ಹತ್ತು ಬಿರುಕುಗಳು ಎಷ್ಟು ಹಳೆಯವೋ ಏನೋ, ಅವಕ್ಕೆ ಯಾರ ಗೊಡವೆಯೂ ಇರಲಿಲ್ಲ. ನೂರು ವರ್ಷದ ಕಟ್ಟಡವನ್ನು ಕೆಡವಲು ಹೊರಟಿದ್ದಕ್ಕೆ ಕಾರಣ ಒಂದು ಮುರಿದ ಪೈಪು. ಪೈಪಿನ ಬಗ್ಗೆ ಯಾರೂ ದೂರು ಕೊಟ್ಟಿರಲಿಲ್ಲವಾ? ಕೊಟ್ಟಿದ್ದರು. ಫೈಲಿನಲ್ಲಿ ಮೂರು ದೂರುಗಳು ಸಿಕ್ಕಿದವು. ಮೂರಕ್ಕೂ ಒಂದೇ ಷರಾ: "ಅನುದಾನ ಲಭ್ಯವಿಲ್ಲ."

ಸರ್ಕಾರಿ ಕ್ಯಾಂಪಸ್ಸಿನ ರೋಗ ಇದು ಅಂತ ನನಗೆ ಆಮೇಲೆ ಅರ್ಥವಾಯಿತು. ಹೊಸ ಕಟ್ಟಡಕ್ಕೆ ದುಡ್ಡು ಬರುತ್ತದೆ. ಅದಕ್ಕೊಂದು ಶಂಕುಸ್ಥಾಪನೆ ಇರುತ್ತದೆ, ಹೆಸರಿನ ಕಲ್ಲು ಇರುತ್ತದೆ. ಪೈಪು ರಿಪೇರಿಗೆ ಯಾರು ಕಲ್ಲು ಹಾಕಿಸುತ್ತಾರೆ?

ಆದರೆ ಪೈಪು ಒಂದೇ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಗೋಡೆಗಳು ಬೆವರುತ್ತಿದ್ದವು. ನೆಲದಿಂದ ಎದೆಮಟ್ಟದವರೆಗೆ ಒದ್ದೆ, ಅದರ ಮೇಲೆ ಬಿಳಿ ಉಪ್ಪು. ಯಾವಾಗಲೋ ಗಿಲಾವು ಉದುರಿದಾಗ ಕೆಳಭಾಗಕ್ಕೆ ಸಿಮೆಂಟ್ ಮೆತ್ತಿದ್ದರು. ಬಡಿದರೆ ಟೊಳ್ಳು ಶಬ್ದ. ಎಂಜಿನಿಯರ್ ಸುತ್ತಿಗೆಯಿಂದ ಒಂದು ಚೂರು ಎಬ್ಬಿಸಿದರು. ಸಿಮೆಂಟು ಹಪ್ಪಳದ ಥರ ಅಖಂಡವಾಗಿ ಬಂತು. ಹಿಂದಿನ ಇಟ್ಟಿಗೆ ಬೆರಳಲ್ಲಿ ಉಜ್ಜಿದರೆ ಕೆಂಪು ಪುಡಿ.

ಇಲ್ಲಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಸುಣ್ಣದ ರಸಾಯನಶಾಸ್ತ್ರವನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವಳು ನಾನು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಸುಟ್ಟಸುಣ್ಣ, ಅದಕ್ಕೆ ನೀರು ಹಾಕಿದರೆ ಕುದ್ದು ಅರಳಿದ ಸುಣ್ಣ, ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲು. ಪರೀಕ್ಷೆಗೆ ನಾಲ್ಕು ಮಾರ್ಕಿನ ಪ್ರಶ್ನೆ. ಆದರೆ ನಾನು ನಿಂತು ಪಾಠ ಮಾಡುತ್ತಿದ್ದ ಗೋಡೆಯೇ ಆ ಸುಣ್ಣದಿಂದ ಆದದ್ದು, ಅದು ಉಸಿರಾಡುತ್ತದೆ ಅನ್ನುವುದು ತಲೆಗೆ ಹೋಗಿರಲಿಲ್ಲ. ಸುಣ್ಣದ ಗಾರೆ ಸೂಕ್ಷ್ಮ ರಂಧ್ರಗಳ ಮೂಲಕ ತೇವವನ್ನು ಹೊರಗೆ ಬಿಡುತ್ತದೆ. ಇವತ್ತು ನಾವು ಸಿಮೆಂಟ್ ಅನ್ನುವ ವಸ್ತುವಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಅದಕ್ಕೂ ಮುಂಚೆ, ಎಷ್ಟೋ ಕಡೆ ಅದಾದ ಮೇಲೂ ಬಹಳ ಕಾಲ, ಜನ ಕಟ್ಟಿದ್ದು ಸುಣ್ಣದಲ್ಲೇ. ಹಳೇ ಮೆತ್ತನೆ ಇಟ್ಟಿಗೆಯ ಮೇಲೆ ಗಟ್ಟಿ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಅದರಲ್ಲಿ ಕರಗಿದ ಉಪ್ಪು ಇಟ್ಟಿಗೆಯ ಒಳಗೆ ಹರಳುಗಟ್ಟಿ ಉಬ್ಬುತ್ತದೆ. ಇಟ್ಟಿಗೆ ಒಡೆಯುತ್ತದೆ. ಗೋಡೆಯನ್ನು ಉಳಿಸಲು ಮೆತ್ತಿದ ಸಿಮೆಂಟೇ ಅದನ್ನು ಒಳಗಿನಿಂದ ತಿನ್ನಿಸುತ್ತಿತ್ತು.

ಸರಿ, ಹಾಗಾದರೆ ಹಳೇ ಗಾರೆ ಹೇಗಿತ್ತು? ಇದನ್ನು ನಾನೇ ಮಾಡಬಲ್ಲೆ ಅನ್ನಿಸಿತು. ಗೋಡೆಯ ಆಳದಿಂದ, ಮಳೆ ತಾಗದ ಕಡೆಯಿಂದ ಗಾರೆಯ ತುಂಡು ತೆಗೆದು, ಒಣಗಿಸಿ, 50 ಗ್ರಾಂ ತೂಗಿದೆವು. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ಬೀಕರಿನಲ್ಲಿ ಬುಸ್ ಅಂತ ನೊರೆ. ಸುಣ್ಣವೆಲ್ಲ ಕರಗಿತು, ಮರಳೂ ಒಂದಿಷ್ಟು ಇಟ್ಟಿಗೆ ಪುಡಿಯೂ ತಳದಲ್ಲಿ ಕೂತವು. ಸೋಸಿ, ತೊಳೆದು, ಒಣಗಿಸಿ ತೂಗಿದರೆ 37 ಗ್ರಾಂ. ಕರಗಿದ್ದು 13. ಅದನ್ನು, ಕಲ್ಲಾಗುವ ಮುಂಚಿನ ಅರಳಿದ ಸುಣ್ಣಕ್ಕೆ ಲೆಕ್ಕ ಹಾಕಿದರೆ ಒಂಬತ್ತೂವರೆ ಗ್ರಾಂ ಚಿಲ್ಲರೆ. ಅಂದರೆ ಒಂದಕ್ಕೆ ಸುಮಾರು ನಾಲ್ಕು! ನಾನು ಹೆಮ್ಮೆಯಿಂದ ಮೇಸ್ತ್ರಿಗೆ ಹೇಳಿದೆ: ಒಂದು ಪಾಲು ಸುಣ್ಣಕ್ಕೆ ನಾಲ್ಕು ಪಾಲು ಮರಳು ಹಾಕಿ.

ಮೇಸ್ತ್ರಿ ನನ್ನ ಮುಖವನ್ನೇ ನೋಡಿದರು. ಎಪ್ಪತ್ತು ದಾಟಿದ ಮನುಷ್ಯ. ಅಪ್ಪನ ಕೈಕೆಳಗೆ ಸುಣ್ಣದ ಕೆಲಸ ಕಲಿತವರು. "ಮೇಡಂ, ನಾವು ತಕ್ಕಡೀಲಿ ತೂಗಿ ಗಾರೆ ಕಲಸಲ್ಲ, ಬುಟ್ಟೀಲಿ ಅಳೆದು ಕಲಸ್ತೀವಿ" ಅಂದರು. ಅಷ್ಟು ಹೇಳಿದರು, ನನಗೆ ತಪ್ಪು ಹೊಳೆಯಿತು. ಅರಳಿದ ಸುಣ್ಣದ ಪುಡಿ ಹಗುರ. ಅಷ್ಟೇ ತೂಕದ ಮರಳಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಹಿಡಿಯುತ್ತದೆ. ತೂಕದಲ್ಲಿ ಒಂದಕ್ಕೆ ನಾಲ್ಕು ಇದ್ದದ್ದು ಬುಟ್ಟಿಯ ಲೆಕ್ಕದಲ್ಲಿ ಒಂದಕ್ಕೆ ಒಂದೂವರೆ. "ಎರಡು ಬುಟ್ಟಿ ಸುಣ್ಣ, ಮೂರು ಬುಟ್ಟಿ ಮರಳು. ನಮ್ಮಪ್ಪ ಹಾಕ್ತಿದ್ದದ್ದು ಅದೇ" ಅಂದರು ಮೇಸ್ತ್ರಿ. ಇದನ್ನು ಮೊದಲೇ ಕೇಳಿದ್ದರೆ ಒಂದು ವಾರ ಉಳಿಯುತ್ತಿತ್ತು. ಆದರೂ ಆ ಪರೀಕ್ಷೆ ವ್ಯರ್ಥವಾಗಲಿಲ್ಲ. ಫೈಲಿನಲ್ಲಿ "ಮೇಸ್ತ್ರಿಯ ಅಪ್ಪ ಹೇಳಿದ್ದರು" ಅಂತ ಬರೆಯಲು ಬರುವುದಿಲ್ಲ. "ಪ್ರಯೋಗಾಲಯ ವರದಿ ಲಗತ್ತಿಸಿದೆ" ಅಂತ ಬರೆಯಬಹುದು.

ಅಷ್ಟರಲ್ಲಿ ಕಮಿಟಿಯೊಳಗೆ ಜಗಳ ಶುರುವಾಗಿತ್ತು. ಹೊಸ ಬ್ಲಾಕ್ ಬೇಕು ಅನ್ನುವವರದ್ದೂ ನ್ಯಾಯವೇ. ಪಾಠಕ್ಕೆ ರೂಮಿಲ್ಲ, ಹುಡುಗರು ಕಾರಿಡಾರಿನಲ್ಲಿ ಕೂರುತ್ತಾರೆ, ಹಳೇ ಗೋಡೆ ಕಟ್ಟಿಕೊಂಡು ಏನು ಮಾಡೋಣ ಅಂತ ಅವರ ಪ್ರಶ್ನೆ. ಇನ್ನೊಂದು ಕಡೆ ಹಳೇ ವಿದ್ಯಾರ್ಥಿಗಳು. ಅವರು ಕಣ್ಣೀರು ಹಾಕಿದರು, ಭಾಷಣ ಮಾಡಿದರು, ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಂಡರು. ದೇಣಿಗೆಯ ಮಾತು ಬಂದಾಗ ಮಾತ್ರ ಸಭೆ ಬೇಗ ಮುಗಿಯಿತು. (ಒಬ್ಬರು ಕೊಟ್ಟರು. ಹೆಸರು ಬೇಡ ಅಂದರು.)

ಅವತ್ತು ನಾನು ಹೇಳಿದ್ದು ವರ್ಜೀನಿಯಾ ಯೂನಿವರ್ಸಿಟಿಯ ರೊಟುಂಡಾ ಕಥೆ. ಅಮೆರಿಕದ ಅದೂ ಸರ್ಕಾರಿ ಯೂನಿವರ್ಸಿಟಿಯೇ. ಅಲ್ಲಿನ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ವಿನ್ಯಾಸ ಮಾಡಿದ ಗುಮ್ಮಟದ ಕಟ್ಟಡ. 1895ರ ಅಕ್ಟೋಬರಿನಲ್ಲಿ ಪಕ್ಕಕ್ಕೆ ಸೇರಿಸಿದ್ದ ಹೊಸ ಭಾಗಕ್ಕೆ ಬೆಂಕಿ ಬಿತ್ತು. ಎರಡರ ನಡುವಿನ ಸಂಪರ್ಕ ಕಡಿಯೋಣ ಅಂತ ಒಬ್ಬ ಪ್ರೊಫೆಸರ್ ಡೈನಮೈಟ್ ಹಚ್ಚಿದರು. ಆದರೂ ಬೆಂಕಿ ನಿಲ್ಲಲಿಲ್ಲ, ಉಳಿದದ್ದು ಗೋಡೆ ಮಾತ್ರ. ಸ್ಟ್ಯಾನ್‌ಫರ್ಡ್ ವೈಟ್ ಅನ್ನುವ ವಾಸ್ತುಶಿಲ್ಪಿ ಒಳಭಾಗವನ್ನು ತಮ್ಮದೇ ರೀತಿಯಲ್ಲಿ ಮತ್ತೆ ಕಟ್ಟಿದರು. 1970ರ ದಶಕದಲ್ಲಿ ಅದನ್ನು ತೆಗೆದು ಜೆಫರ್ಸನ್ ಯೋಜನೆಯಂತೆ ಮಾಡಿದರು. 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ನನಗೆ ಇಷ್ಟವಾದದ್ದು ಇದ್ಯಾವುದೂ ಅಲ್ಲ. ಇತ್ತೀಚಿನ ದುರಸ್ತಿ ನಡೆಯುವಾಗ, 2015ರಲ್ಲಿ, ಕೆಳಗಿನ ಅಂತಸ್ತಿನ ಗೋಡೆಯೊಳಗೆ ಮುಚ್ಚಿಹೋಗಿದ್ದ ಕೆಮಿಸ್ಟ್ರಿ ಒಲೆಯೊಂದು ಸಿಕ್ಕಿತು! ಕಟ್ಟಡ ಶುರುವಾದ ಕಾಲದ್ದು. ಕಲ್ಲಿನಲ್ಲಿ ಐದು ಕಡೆ ಪ್ರಯೋಗ ಮಾಡುವ ಜಾಗ, ಹೊಗೆ ಹೋಗಲು ಇಟ್ಟಿಗೆಯ ದಾರಿ. ಯಾರೋ ಇಟ್ಟಿಗೆ ಕಟ್ಟಿ ಮುಚ್ಚಿದ್ದರಿಂದಲೇ ಅದು ಬೆಂಕಿಯಿಂದಲೂ ಪಾರಾಗಿ, ಆಮೇಲಿನ ಎಲ್ಲ ಬದಲಾವಣೆಗಳಿಂದಲೂ ಪಾರಾಗಿತ್ತು. ಗೋಡೆ ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಜೆಸಿಬಿ ತರಬೇಡಿ ಅಂದೆ. ನಮ್ಮ ಗೋಡೆಯಲ್ಲಿ ಆಮೇಲೆ ಸಿಕ್ಕಿದ್ದು ಒಂದು ಇಲಿಯ ಗೂಡು, ಹಳೇ ಗ್ಯಾಸ್ ಪೈಪಿನ ತುಂಡು. ಇರಲಿ.

ಕಥೆ ಕೇಳಿ ಯಾರೂ ಮನಸ್ಸು ಬದಲಾಯಿಸಲಿಲ್ಲ. ಬದಲಾಯಿಸಿದ್ದು ಲೆಕ್ಕ. ಹೊಸ ಬ್ಲಾಕಿಗೆ ಹಿಂದಿನ ಖಾಲಿ ಜಾಗ ಸಾಕು ಅಂತ ಒಬ್ಬ ವಿದ್ಯಾರ್ಥಿನಿ ನಕ್ಷೆ ಬರೆದು ತೋರಿಸಿದಳು. ಎರಡೂ ಇರಬಹುದು ಅಂತಾದ ಮೇಲೆ ಜಗಳಕ್ಕೆ ಕಾರಣ ಉಳಿಯಲಿಲ್ಲ. ಆದರೆ ಅದಕ್ಕೊಂದು ಬೆಲೆ ತೆತ್ತೆವು. ಹಿಂದೆ ಇದ್ದ ಹಳೇ ವರ್ಕ್‌ಶಾಪ್ ಶೆಡ್ಡನ್ನು ಬಿಟ್ಟುಕೊಡಬೇಕಾಯಿತು. ಅದೂ ಹಳೆಯದೇ. ಅಳತೆ ತೆಗೆದು, ಪ್ರತಿ ಮರದ ಜೋಡಣೆಯ ಫೋಟೋ ತೆಗೆದು ಇಟ್ಟೆವು. ಎಲ್ಲವನ್ನೂ ಉಳಿಸಲು ಆಗುವುದಿಲ್ಲ ಅಂತ ಹೇಳುವುದು ಸುಲಭ. ಶೆಡ್ಡು ಕೆಡಹುವ ದಿನ ನಾನು ರಜೆ ಹಾಕಿದ್ದೆ.

ಟೆಂಡರಿನ ಕಥೆ ಬರೆದರೆ ಅದೇ ಒಂದು ಪುರಾಣ. ಸರ್ಕಾರಿ ದರಪಟ್ಟಿಯಲ್ಲಿ ಸಿಮೆಂಟ್ ಗಿಲಾವಿಗೆ ಸಾಲುಗಟ್ಟಲೆ ದರಗಳಿದ್ದವು. ನಮಗೆ ಬೇಕಾದ ಸುಣ್ಣದ ಕೆಲಸಕ್ಕೆ ಒಂದೂ ಇರಲಿಲ್ಲ. ದರ ಇಲ್ಲದೆ ಅಂದಾಜು ಇಲ್ಲ, ಅಂದಾಜು ಇಲ್ಲದೆ ಟೆಂಡರ್ ಇಲ್ಲ. ಒಂದು ಗೋಡೆಯ ಮೇಲೆ ಆಳೆತ್ತರದ ಮಾದರಿ ಮಾಡಿ, ಎಷ್ಟು ಸಾಮಾನು, ಎಷ್ಟು ಆಳು, ಎಷ್ಟು ದಿನ ಅಂತ ಗಡಿಯಾರ ಹಿಡಿದು ಬರೆದು, ಅದರಿಂದ ದರ ಕಟ್ಟಿದೆವು. ಕಡಿಮೆ ದರ ಹಾಕಿದವರಿಗೇ ಕೆಲಸ ಅನ್ನುವ ನಿಯಮದ ಜೊತೆಗೆ, ಮೊದಲು ಹೀಗೇ ಒಂದು ಮಾದರಿ ಮಾಡಿ ತೋರಿಸಿದವರು ಮಾತ್ರ ದರ ಹಾಕಬಹುದು ಅಂತ ಸೇರಿಸಿದೆವು. ಇಡೀ ಕೆಲಸದಲ್ಲಿ ನಾವು ಮಾಡಿದ ಬುದ್ಧಿವಂತಿಕೆ ಅಂದರೆ ಆ ಒಂದು ಸಾಲು.

ಕೆಲಸ ಶುರುವಾಯಿತು. ಮೊದಲು ನೀರು: ಪೈಪು, ತಾರಸಿಯ ಇಳಿಜಾರು, ಕಟ್ಟಡದ ಸುತ್ತ ಚರಂಡಿ. ಇದು ಮುಗಿಯದೆ ಗೋಡೆ ಮುಟ್ಟಬಾರದು ಅಂತ ಎಂಜಿನಿಯರ್ ಹಟ ಹಿಡಿದರು. ಆಮೇಲೆ ಸಿಮೆಂಟ್ ಬಿಡಿಸಿ, ಒಂದು ಬೇಸಿಗೆ ಪೂರ್ತಿ ಗೋಡೆಗಳನ್ನು ಹಾಗೇ ಬೆತ್ತಲೆ ಬಿಟ್ಟೆವು, ಒಣಗಲಿ ಅಂತ. ನೋಡಿದವರೆಲ್ಲ ಕೆಲಸ ನಿಂತುಹೋಗಿದೆ ಅಂದುಕೊಂಡರು. ಸುಣ್ಣ ಮಾತ್ರ ಗುಂಡಿಯಲ್ಲಿ ನೀರಿನ ಕೆಳಗೆ ಮಲಗಿ ಬೆಣ್ಣೆಯಾಗುತ್ತಿತ್ತು. ಮೇಸ್ತ್ರಿ ಬೆಳಿಗ್ಗೆ ಕರಣೆಯಲ್ಲಿ ಒಂದಿಷ್ಟು ಎತ್ತಿ, ಮಗುಚಿ ಹಿಡಿದು ನೋಡುತ್ತಿದ್ದರು. ಅಂಟಿಕೊಂಡೇ ಇದ್ದರೆ ತಲೆ ಆಡಿಸುತ್ತಿದ್ದರು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಸುಣ್ಣದ ಗಿಲಾವನ್ನು ಒದ್ದೆ ಗೋಣಿಚೀಲ ಹೊದಿಸಿ ನಿಧಾನಕ್ಕೆ ಗಟ್ಟಿಯಾಗಲು ಬಿಡಬೇಕು. ಪಡುವಣ ಗೋಡೆ ಮುಗಿದ ವಾರ ಮೇಲಿನವರು ನೋಡಲು ಬರುವುದಿತ್ತು. ಗೋಣಿ ತೆಗೆದರೆ ಚೆನ್ನಾಗಿ ಕಾಣುತ್ತೆ, ಎರಡೇ ದಿನ ಅಲ್ವಾ ಅಂತ ನಾನೇ ತೆಗೆಸಿದೆ. ಒಣಗಾಳಿ ಬೀಸಿತು. ಗೋಡೆ ತುಂಬ ಜೇಡರ ಬಲೆಯ ಥರ ಸಣ್ಣ ಬಿರುಕು. ಮೇಸ್ತ್ರಿ ಏನೂ ಅನ್ನಲಿಲ್ಲ. ಸುಮ್ನೆ ಕೆರೆದು ತೆಗೆದು ಮತ್ತೆ ಮಾಡಿದರು. ಆಮೇಲೆ ಪ್ರತಿ ಗೋಡೆಗೂ ನಾನು ಫಿನಾಲ್ಫ್ತಲೀನ್ ಬಾಟಲಿ ಹಿಡಿದು ಹೋಗುತ್ತಿದ್ದೆ. ಮೂಲೆಯಲ್ಲಿ ಸಣ್ಣದಾಗಿ ಕೊರೆದು ಒಂದು ಹನಿ ಬಿಟ್ಟರೆ, ಇನ್ನೂ ಸುಣ್ಣವಾಗಿ ಉಳಿದ ಒಳಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಲ್ಲಾದ ಹೊರಪದರ ಬಣ್ಣ ಬದಲಿಸುವುದಿಲ್ಲ. ಆ ಬಿಳಿ ಅಂಚು ತಿಂಗಳಿಗೆ ಕೆಲವೇ ಮಿಲಿಮೀಟರ್ ಒಳಗೆ ಸರಿಯುತ್ತಿತ್ತು. ಮೇಸ್ತ್ರಿಗೆ ಇದು ಭಾರಿ ಇಷ್ಟವಾಯಿತು. ಕೊನೆಕೊನೆಗೆ "ಮೇಡಂ, ನಿಮ್ಮ ಗುಲಾಬಿ ನೀರು ತನ್ನಿ, ಇಲ್ಲಿ ನೋಡೋಣ" ಅಂತ ಅವರೇ ಕರೆಯುತ್ತಿದ್ದರು.

ಒಂದು ಮೂಲೆಯ ಮೇಲೆ ಸಣ್ಣ ಗೋಪುರ ಇತ್ತು, ಅದರಲ್ಲಿ ಗಡಿಯಾರ ಇತ್ತು ಅಂತ ಹಳೇ ವಿದ್ಯಾರ್ಥಿಗಳು ಹಟ ಹಿಡಿದರು. ಫೋಟೋ ಇಲ್ಲ, ನಕ್ಷೆ ಇಲ್ಲ. ಇಬ್ಬರ ನೆನಪು ಒಂದೇ ಥರ ಇರಲಿಲ್ಲ. ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಜೀರ್ಣೋದ್ಧಾರ ನಿಲ್ಲಬೇಕು ಅನ್ನುತ್ತದೆ ಹಳೇ ಸ್ಮಾರಕಗಳ ಸಂರಕ್ಷಣೆಗೆ ಅಂತಾರಾಷ್ಟ್ರೀಯ ತಜ್ಞರು ಬರೆದ 1964ರ ವೆನಿಸ್ ಸನ್ನದು. ಅದನ್ನು ತೋರಿಸಿ ಗೋಪುರ ತಪ್ಪಿಸಿದೆವು. ಗಾಲಿಕುರ್ಚಿಗೆ ಇಳಿಜಾರು ದಾರಿ ಬೇಕೇ ಬೇಕಿತ್ತು. ಅದನ್ನು ಗೋಡೆಗೆ ತಾಗಿಸದೆ, ನಾಳೆ ಬೇಡವಾದರೆ ಬಿಚ್ಚಿ ತೆಗೆಯುವ ಹಾಗೆ ಉಕ್ಕಿನಲ್ಲಿ ಮಾಡಿದೆವು. ಚೆನ್ನಾಗೇನೂ ಕಾಣುವುದಿಲ್ಲ. ಹೊಸದು ಹೊಸದಾಗೇ ಕಾಣಲಿ ಅಂತ ಬಿಟ್ಟಿದ್ದೇವೆ.

ಈಗ ಅಲ್ಲಿ ಪಾಠ ನಡೆಯುತ್ತದೆ. ಮ್ಯೂಸಿಯಂ ಮಾಡೋಣ ಅಂದವರಿದ್ದರು, ನಾನು ಬೇಡ ಅಂದೆ. ಜನ ಓಡಾಡುವ ಕಟ್ಟಡದಲ್ಲಿ ಸೋರಿದರೆ ಅದೇ ದಿನ ಯಾರಾದರೂ ಬೈಯುತ್ತಾರೆ. ಬೀಗ ಹಾಕಿದ ಮ್ಯೂಸಿಯಮ್ಮಿನಲ್ಲಿ ಸೋರಿದರೆ ಯಾರಿಗೆ ಗೊತ್ತಾಗುತ್ತದೆ? ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿ ಫಲಕ ಹಾಕಿಸಿ ಅಂತಲೂ ಸಲಹೆ ಬಂತು. ಹಾಕಿಸೋಣ. ಆದರೆ ವೆನೆಜುವೆಲಾದ ಕ್ಯಾರಕಾಸಿನ ಯೂನಿವರ್ಸಿಟಿ ನಗರ 2000ದಲ್ಲೇ ಯುನೆಸ್ಕೋ ಪಟ್ಟಿ ಸೇರಿದ್ದು. ಕಾರ್ಲೋಸ್ ರಾವುಲ್ ವಿಲ್ಯಾನುವೇವಾ ಕಟ್ಟಿದ ಅಲ್ಲಿನ ಕಾಂಕ್ರೀಟ್ ಚಾವಣಿಯ ನಡೆದಾರಿಯ ಒಂದು ಭಾಗ 2020ರ ಜೂನಿನಲ್ಲಿ ಕುಸಿದುಬಿತ್ತು. ಫಲಕ ಪೈಪು ಕ್ಲೀನ್ ಮಾಡುವುದಿಲ್ಲ.

ಅದಕ್ಕೇ ಒಂದು ರಿಜಿಸ್ಟರ್ ಇಟ್ಟಿದ್ದೇವೆ. ಸಾದಾ ಉದ್ದ ನೋಟ್‌ಬುಕ್ಕು, ವಾಚ್‌ಮನ್ ರೂಮಿನಲ್ಲಿ ದಾರ ಕಟ್ಟಿ ತೂಗುಹಾಕಿದೆ. ಮಳೆಗೆ ಮುಂಚೆ ಒಮ್ಮೆ, ಮಳೆ ನಡುವೆ ತಿಂಗಳಿಗೊಮ್ಮೆ ಇಬ್ಬರು ತಾರಸಿ ಹತ್ತಬೇಕು, ಪೈಪಿನ ಬಾಯಿ ನೋಡಬೇಕು, ಗೋಡೆಯಲ್ಲಿ ಹುಟ್ಟಿದ ಗಿಡ ಕೀಳಬೇಕು, ಬರೆದು ಸಹಿ ಹಾಕಬೇಕು. ಕಳೆದ ತಿಂಗಳ ನಮೂದು: "ಈಶಾನ್ಯ ಪೈಪು: ಎಲೆ ಒಂದು ಬಕೆಟ್, ಶಟಲ್ ಕಾಕ್ ಎರಡು, ಯಾರದೋ ಹಾಲ್ ಟಿಕೆಟ್. ನೀರು ಸರಾಗ."

ಗಾಜುಗಳೂ ಹಾಗೇ ಇವೆ. ಏಳನೇ ನಂಬರಿಗೆ ಹೊಸ ಸ್ಲೈಡ್ ಹಾಕಿ ಎರಡು ಮಳೆಗಾಲ ಆಯಿತು, ಒಡೆದಿಲ್ಲ. ಮೊನ್ನೆ ಮೂರನೇ ನಂಬರಿನಲ್ಲಿ ಕೂದಲೆಳೆಯಷ್ಟು ಗೀಟು ಕಂಡಿತು. ಬಾಗಿಲು ಬಡಿದು ಆಗಿದ್ದೋ, ಗೋಡೆ ಸರಿದು ಆಗಿದ್ದೋ ಗೊತ್ತಾಗುತ್ತಿಲ್ಲ. ಪಕ್ಕದಲ್ಲೇ ಇನ್ನೊಂದು ಸ್ಲೈಡ್ ಅಂಟಿಸಿ, ತಾರೀಕು ಬರೆದು, ಫೋಟೋವನ್ನು ಎಂಜಿನಿಯರಿಗೆ ಕಳಿಸಿದ್ದೇನೆ. ಅವರಿನ್ನೂ ನೋಡಿಲ್ಲ.